ವಯಸ್ಕರ ಶಿಕ್ಷಣದ ಪಠ್ಯಕ್ರಮ: ಭಾರತದಲ್ಲಿ ಬೆಳೆದು ಬಂದ ಬಗೆ

ಶಾಲೆಯ ವಯಸ್ಸು ಮೀರಿದವರಿಗೆ ಏನನ್ನು, ಯಾವ ಕ್ರಮದಲ್ಲಿ, ಯಾರ ಬದುಕನ್ನು ಮುಂದಿಟ್ಟುಕೊಂಡು ಕಲಿಸಬೇಕು ಎಂಬ ಯೋಜನೆಯೇ ವಯಸ್ಕರ ಶಿಕ್ಷಣದ ಪಠ್ಯಕ್ರಮ. ಸರ್ಕಾರಿ ವರದಿಗಳು ಎಷ್ಟು ಜನ ಕಲಿತರು ಎಂಬುದನ್ನು ವಿವರವಾಗಿ ಬರೆದಿಟ್ಟಿವೆ. ಅವರ ಕೈಗೆ ಕೊಟ್ಟ ಪುಸ್ತಕದಲ್ಲಿ ಏನಿತ್ತು ಎಂಬ ವಿಷಯದಲ್ಲಿ ಅಷ್ಟು ವಿವರ ಸಿಗುವುದಿಲ್ಲ. ಹೀಗಾಗಿ ಈ ಚರಿತ್ರೆಯ ಕೆಲವು ಮುಖ್ಯ ಘಟನೆಗಳು ತಲೆಕೆಳಗಾಗಿ ಪ್ರಚಾರದಲ್ಲಿವೆ.

ಮೈಸೂರು ಸಂಸ್ಥಾನದಲ್ಲಿ ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ (1912–18) ರಾತ್ರಿ ಶಾಲೆಗಳಿಗೂ ಸಂಚಾರಿ ಗ್ರಂಥಾಲಯಗಳಿಗೂ ಉತ್ತೇಜನ ದೊರೆಯಿತು. ಮುಂದೆ ಮೈಸೂರು ರಾಜ್ಯ ವಯಸ್ಕರ ಶಿಕ್ಷಣ ಸಮಿತಿ ಅಕ್ಷರ ಕಲಿಸುವುದರ ಆಚೆಗೂ ಯೋಚಿಸಿತು. ಹೊಸದಾಗಿ ಓದು ಕಲಿತವರಿಗೆ ಓದಲು ಏನಾದರೂ ಇರಬೇಕಲ್ಲ ಎಂದು ‘ಬೆಳಕು’ ವಾರಪತ್ರಿಕೆಯನ್ನೂ ‘ಪುಸ್ತಕ ಪ್ರಪಂಚ’ ಮಾಸಿಕವನ್ನೂ ಹೊರತಂದಿತು. 1947ರಲ್ಲಿ ನಂಜನಗೂಡಿನಲ್ಲಿ ಆರಂಭವಾದ ವಿದ್ಯಾಪೀಠಕ್ಕೆ ಡೆನ್ಮಾರ್ಕಿನ ಜಾನಪದ ಪ್ರೌಢಶಾಲೆಗಳು ಮಾದರಿ. ಹಳ್ಳಿಯ ಯುವಕರು ಅಲ್ಲೇ ಉಳಿದು ಬೇಸಾಯದ ಜೊತೆಗೆ ನಾಗರಿಕ ಜೀವನದ ಪಾಠವನ್ನೂ ಕಲಿಯುತ್ತಿದ್ದರು. ರಾಷ್ಟ್ರಮಟ್ಟದ ಚರಿತ್ರೆಗಳಲ್ಲಿ ಈ ಪ್ರಯೋಗಕ್ಕೆ ಒಂದೆರಡು ಸಾಲು ಸಿಕ್ಕರೆ ಹೆಚ್ಚು. ಕಲಿಕೆ ಅಕ್ಷರಕ್ಕೆ ಮುಗಿಯುವುದಿಲ್ಲ ಎಂಬುದನ್ನು ಇಷ್ಟು ಮೊದಲೇ ಪಠ್ಯಕ್ರಮಕ್ಕೆ ತಂದ ಕೆಲಸಕ್ಕೆ ಅದು ತೀರ ಕಡಿಮೆ.

1967–68ರಲ್ಲಿ ಅಧಿಕ ಇಳುವರಿ ತಳಿಗಳನ್ನು ಬೆಳೆಯುವ ಪ್ರದೇಶಗಳ ರೈತರಿಗಾಗಿ ಕ್ರಿಯಾತ್ಮಕ ಸಾಕ್ಷರತಾ ಯೋಜನೆ ಬಂತು. ಅದರಲ್ಲಿ ಓದು ಬರಹ ಬೀಜ ಗೊಬ್ಬರದ ಮಾಹಿತಿಯೊಂದಿಗೆ ಬೆಸೆದುಕೊಂಡಿತ್ತು. 1978ರ ಅಕ್ಟೋಬರ್ 2ರಂದು ಆರಂಭವಾದ ರಾಷ್ಟ್ರೀಯ ವಯಸ್ಕರ ಶಿಕ್ಷಣ ಕಾರ್ಯಕ್ರಮ ಸಾಕ್ಷರತೆ ಮತ್ತು ವೃತ್ತಿ ಸಾಮರ್ಥ್ಯಗಳ ಜೊತೆಗೆ ಜಾಗೃತಿಯನ್ನೂ ಪಠ್ಯದ ಭಾಗವೆಂದು ಸಾರಿತು. ಬ್ರೆಜಿಲ್‌ನ ಪಾವ್ಲೊ ಫ್ರೇರೆಯ ಚಿಂತನೆ ಆ ಹೊತ್ತಿಗೆ ಇಲ್ಲಿಯೂ ಚರ್ಚೆಯಲ್ಲಿತ್ತು. ಗುರಿ 15ರಿಂದ 35 ವಯಸ್ಸಿನ 10 ಕೋಟಿ ಜನ. ಮೂವತ್ತಾರು ದಾಟಿದ ಕೂಲಿ ಹೆಣ್ಣುಮಗಳು ಲೆಕ್ಕಕ್ಕೇ ಬರಲಿಲ್ಲ.

1988ರ ಮೇ 5ರಂದು ರಾಷ್ಟ್ರೀಯ ಸಾಕ್ಷರತಾ ಮಿಷನ್ ಹುಟ್ಟಿತು. ಒಂದರ ಮೇಲೊಂದು ಮೂರು ಪ್ರೈಮರ್‌ಗಳು, ಸುಮಾರು 200 ಗಂಟೆಗಳ ಕಲಿಕೆ, ಪುಸ್ತಕದೊಳಗೇ ಪರೀಕ್ಷೆ: ಇದು ಅದರ ಪದ್ಧತಿ. ಸಾಕ್ಷರ ಎನಿಸಿಕೊಳ್ಳಲು ನಿಮಿಷಕ್ಕೆ 30 ಪದಗಳನ್ನು ಗಟ್ಟಿಯಾಗಿ ಓದಬೇಕು, ಹೇಳಿ ಬರೆಸಿದರೆ ನಿಮಿಷಕ್ಕೆ 5 ಪದ ಬರೆಯಬೇಕು, ನೂರರವರೆಗೆ ಎಣಿಸಿ ಬರೆಯಬೇಕು. ಅಳತೆಗೆ ಸುಲಭವಾದ ಈ ಮಾನದಂಡ ದಿನವಿಡೀ ಕಳೆ ಕಿತ್ತು ಬಂದು ಲಾಟೀನಿನ ಮುಂದೆ ಕೂತವರಿಗೂ, ಕಣ್ಣು ಮಂಜಾದವರಿಗೂ ಒಂದೇ ಆಗಿತ್ತು. ಲಂಬಾಣಿ ಮನೆಮಾತಿನವರು ಕನ್ನಡ ಪ್ರೈಮರ್ ಹಿಡಿದಾಗ ಲಿಪಿಯ ಜೊತೆಗೆ ಇನ್ನೊಂದು ಭಾಷೆಯನ್ನೂ ದಾಟಬೇಕಿತ್ತು. ಈ ಅಂತರವನ್ನು ಮಾನದಂಡ ಗಣನೆಗೆ ತೆಗೆದುಕೊಳ್ಳಲಿಲ್ಲ.

ಎರ್ನಾಕುಲಂ ಜಿಲ್ಲೆ 1990ರ ಫೆಬ್ರವರಿಯಲ್ಲಿ ಸಂಪೂರ್ಣ ಸಾಕ್ಷರವೆಂದು ಘೋಷಣೆಯಾದ ಮೇಲೆ ಆಂದೋಲನ ಜಿಲ್ಲೆಯಿಂದ ಜಿಲ್ಲೆಗೆ ಹಬ್ಬಿತು. ತಮಿಳುನಾಡಿನ ಪುದುಕ್ಕೋಟ್ಟೈಯಲ್ಲಿ ಕಲೆಕ್ಟರ್ ಶೀಲಾ ರಾಣಿ ಚುಂಕತ್ ಅವರ ಬೆಂಬಲದಿಂದ ಹೆಂಗಸರ ಸೈಕಲ್ ಕಲಿಕೆ ಸಾಕ್ಷರತೆಯ ಭಾಗವೇ ಆಯಿತು. ಕಲಿಯಲು ಬಂದವರಿಗೆ ನಿಜವಾಗಿ ಬೇಕಿದ್ದುದೇನು ಎಂದು ಕೇಳಿದ ಪಠ್ಯಕ್ರಮ ಹೇಗಿರುತ್ತದೆ ಎಂಬುದಕ್ಕೆ ಇಷ್ಟು ಸ್ಪಷ್ಟವಾದ ಉದಾಹರಣೆ ವಿರಳ.

ಹೆಚ್ಚು ಗೊಂದಲವಿರುವುದು ಆಂಧ್ರದ ನೆಲ್ಲೂರು ಜಿಲ್ಲೆಯ ವಿಷಯದಲ್ಲಿ. ಪ್ರೈಮರಿನ ಒಂದು ಪಾಠ ಓದಿ ಹೆಂಗಸರು ಸಾರಾಯಿ ವಿರುದ್ಧ ಎದ್ದರು ಎಂಬುದು ಜನಜನಿತ ಕಥೆ. ಘಟನೆಗಳ ಕ್ರಮ ಬೇರೆಯದೇ ಇದೆ. ದೂಬಗುಂಟ ಎಂಬ ಹಳ್ಳಿಯ ಹೆಂಗಸರು ಮೊದಲು ತಮ್ಮೂರಿನ ಸಾರಾಯಿ ಅಂಗಡಿಯನ್ನು ಮುಚ್ಚಿಸಿದರು. ಆ ನಿಜ ಸಂಗತಿಯೇ ‘ಹೆಂಗಸರು ಒಂದಾದರೆ’ ಎಂಬರ್ಥದ ತೆಲುಗು ಶೀರ್ಷಿಕೆಯಲ್ಲಿ ಸಾಕ್ಷರೋತ್ತರ ಪುಸ್ತಕದ ಪಾಠವಾಯಿತು. 1992ರಲ್ಲಿ ಜಿಲ್ಲೆಯ ಇತರ ಕಲಿಕಾ ಕೇಂದ್ರಗಳಲ್ಲಿ ಅದನ್ನು ಓದಿದವರು ನಾವೇಕೆ ಸುಮ್ಮನಿರಬೇಕು ಎಂದರು. ಅಂದರೆ ಪಾಠ ಹೋರಾಟವನ್ನು ಹುಟ್ಟಿಸಲಿಲ್ಲ, ಹಬ್ಬಿಸಿತು. ಸ್ತ್ರೀವಾದಿ ಸಂಶೋಧಕಿಯರು ಇನ್ನೂ ಮುಂದೆ ಹೋಗಿ, ಇಡೀ ಹಿರಿಮೆಯನ್ನು ಸಾಕ್ಷರತಾ ಆಂದೋಲನಕ್ಕೆ ಕೊಟ್ಟರೆ ಆ ಹೆಂಗಸರು ತಾವೇ ಕಂಡುಕೊಂಡ ರಾಜಕಾರಣ ಮರೆಯಾಗುತ್ತದೆ ಎಂದು ವಾದಿಸಿದರು. ಸರ್ಕಾರದ ‘ವಾರುಣಿ ವಾಹಿನಿ’ ಯೋಜನೆಯಡಿ ಪೊಟ್ಟಣದ ಸಾರಾಯಿ ಮನೆಬಾಗಿಲಿಗೇ ಬರುತ್ತಿತ್ತು. ಗಂಡನ ಕೂಲಿ ಮನೆಗೆ ಬರುತ್ತಿರಲಿಲ್ಲ. ಸಿಟ್ಟು ಅಕ್ಷರಕ್ಕಿಂತ ಹಳೆಯದು. ಈ ವಾದಕ್ಕೆ ಹೆಚ್ಚು ತೂಕವಿದೆ. ಆದರೂ ಕಲಿಯುವವರ ಬದುಕೇ ಪಾಠವಾಗಿ ಅವರ ಕೈಗೆ ಮರಳಿದ್ದು ಪಠ್ಯಕ್ರಮದ ದೃಷ್ಟಿಯಿಂದ ದೊಡ್ಡ ತಿರುವು. ಆಂಧ್ರದಲ್ಲಿ 1993ರ ಅಕ್ಟೋಬರ್‌ನಿಂದ ಸಾರಾಯಿ, 1995ರ ಜನವರಿಯಿಂದ ಎಲ್ಲ ಮದ್ಯವೂ ನಿಷೇಧವಾಯಿತು. 1997ರಲ್ಲಿ ಪಾನನಿಷೇಧ ಸಡಿಲವಾಯಿತು. ಅಷ್ಟರೊಳಗೆ ಸರ್ಕಾರ ಆ ಪಾಠವನ್ನು ಪುಸ್ತಕದಿಂದ ಕೈಬಿಟ್ಟಿತೆಂದು ಹಲವು ಬರಹಗಳು ದಾಖಲಿಸಿವೆ.

2009ರ ಸೆಪ್ಟೆಂಬರ್ 8ರಂದು ಆರಂಭವಾಗಿ 2018ರ ಮಾರ್ಚ್‌ನಲ್ಲಿ ಮುಗಿದ ಸಾಕ್ಷರ ಭಾರತ್, ತನ್ನ 7 ಕೋಟಿ ಕಲಿಕಾರ್ಥಿಗಳ ಗುರಿಯಲ್ಲಿ 6 ಕೋಟಿಯನ್ನು ಹೆಣ್ಣುಮಕ್ಕಳಿಗೇ ಮೀಸಲಿಟ್ಟಿತು. ಕರ್ನಾಟಕದ ಕೇಂದ್ರಗಳಲ್ಲಿ ‘ಬಾಳಿಗೆ ಬೆಳಕು’ ಪ್ರೈಮರ್ ಬಳಕೆಯಲ್ಲಿತ್ತು. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ. 75.36, ಗಂಡಸರದು ಶೇ. 82.47, ಹೆಂಗಸರದು ಶೇ. 68.08.

ಅಂಗವಿಕಲರಿಗೆ ವಯಸ್ಕರ ಶಿಕ್ಷಣದಲ್ಲಿ ಇತರರಷ್ಟೇ ಪಾಲು ಸಿಗುವಂತೆ ನೋಡಿಕೊಳ್ಳುವುದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಿಂದ ಸರ್ಕಾರದ ಹೊಣೆಯಾಯಿತು. 2022–27ರ ಅವಧಿಗೆ ರೂಪಿಸಿದ ನವಭಾರತ ಸಾಕ್ಷರತಾ ಕಾರ್ಯಕ್ರಮ 35ರ ಮಿತಿ ಇಟ್ಟುಕೊಳ್ಳದೆ, 15 ದಾಟಿದ ಎಲ್ಲರನ್ನೂ ಕಲಿಕಾರ್ಥಿಗಳೆಂದು ಒಪ್ಪಿತು. ‘ವಯಸ್ಕರ ಶಿಕ್ಷಣ’ದ ಬದಲು ‘ಎಲ್ಲರಿಗೂ ಶಿಕ್ಷಣ’ ಎಂಬ ಹೆಸರು ಬಂತು. ಅಕ್ಷರ ಮತ್ತು ಲೆಕ್ಕದ ಜೊತೆಗೆ ಹಣಕಾಸು, ಡಿಜಿಟಲ್ ಬಳಕೆ, ಕಾನೂನು ತಿಳಿವಳಿಕೆಯಂಥ ಜೀವನ ಕೌಶಲಗಳು, ವೃತ್ತಿ ಕೌಶಲ, ಮೂಲ ಶಿಕ್ಷಣ ಮತ್ತು ಮುಂದುವರಿಕೆ ಶಿಕ್ಷಣ ಅದರ ಅಂಗಗಳಾದವು. ಪರೀಕ್ಷೆ ಮಾತ್ರ ಓದು, ಬರಹ, ಲೆಕ್ಕಗಳಿಗೆ ತಲಾ 50ರಂತೆ 150 ಅಂಕಗಳದು. ಉಳಿದ ಅಂಗಗಳಿಗೆ ಅದರಲ್ಲಿ ಪ್ರತ್ಯೇಕ ಅಂಕವಿಲ್ಲ. 2024ರಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯ ಶೇ. 95 ಸಾಕ್ಷರತೆಯನ್ನು ಸಂಪೂರ್ಣ ಸಾಕ್ಷರತೆಗೆ ಸಮವೆಂದು ನಿಗದಿಪಡಿಸಿತು. ಹಾಗಾಗಿ ಎರ್ನಾಕುಲಂ ಕಾಲದ ಘೋಷಣೆಗಳನ್ನೂ ಈಗಿನವನ್ನೂ ಒಂದೇ ಪಟ್ಟಿಯಲ್ಲಿಟ್ಟು ಹೋಲಿಸುವುದು ಸರಿಯಲ್ಲ: ಅವುಗಳ ಹಿಂದಿನ ವಯೋಮಿತಿ, ಪಠ್ಯ ಮತ್ತು ಪರೀಕ್ಷೆ ಮೂರೂ ಬೇರೆ.