ಬೆಂಗಳೂರು–ಮಂಗಳೂರು ವಿಮಾನ: ದೂರವೆಷ್ಟು, ಸಮಯವೆಷ್ಟು?

ದೇವನಹಳ್ಳಿ ಬಳಿಯ ಕೆಂಪೇಗೌಡ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣಕ್ಕೂ ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣಕ್ಕೂ ನಡುವಿನ ನೇರ ವಾಯುದೂರ ಸುಮಾರು 306 ಕಿ.ಮೀ. ವಿಮಾನಯಾನದ ಅಳತೆಯಲ್ಲಿ ಇದು 165 ನಾಟಿಕಲ್ ಮೈಲು. ಒಂದು ನಾಟಿಕಲ್ ಮೈಲು ಎಂದರೆ 1.852 ಕಿ.ಮೀ. ರಸ್ತೆಯ ಮೂಲಕ ಬೆಂಗಳೂರು–ಮಂಗಳೂರು ಅಂತರ ಸುಮಾರು 350 ಕಿ.ಮೀ. ಆಗುತ್ತದೆ.

ವೇಳಾಪಟ್ಟಿಯಲ್ಲಿ ಈ ಪ್ರಯಾಣಕ್ಕೆ ಸಾಮಾನ್ಯವಾಗಿ ಒಂದರಿಂದ ಒಂದೂಕಾಲು ಗಂಟೆ ನಮೂದಾಗಿರುತ್ತದೆ. ಆದರೆ ಅಷ್ಟೂ ಹೊತ್ತು ವಿಮಾನ ಆಕಾಶದಲ್ಲಿರುವುದಿಲ್ಲ. ನಿಂತ ಜಾಗದಿಂದ ಕದಲಿದ ಕ್ಷಣದಿಂದ ಇನ್ನೊಂದು ನಿಲ್ದಾಣದಲ್ಲಿ ನಿಲ್ಲುವವರೆಗಿನ ಅವಧಿಯನ್ನು ವಿಮಾನ ಸಂಸ್ಥೆಗಳು ಪ್ರಯಾಣದ ಅವಧಿಯೆಂದು ಪರಿಗಣಿಸುತ್ತವೆ. ರನ್‌ವೇವರೆಗಿನ ಓಡಾಟ, ಸರದಿಗಾಗಿ ಕಾಯುವುದು, ಮೇಲೇರುವುದು, ಇಳಿಯುವುದು ಎಲ್ಲವೂ ಇದರಲ್ಲಿ ಸೇರಿರುತ್ತವೆ.

ದೂರ ಐದೂವರೆ ಪಟ್ಟು, ಸಮಯ ಎರಡೂವರೆ ಪಟ್ಟು

ಬೆಂಗಳೂರಿನಿಂದ ದೆಹಲಿಗೆ ವಾಯುದೂರ ಸುಮಾರು 1,700 ಕಿ.ಮೀ.; ಪ್ರಯಾಣದ ಅವಧಿ ಎರಡೂಮುಕ್ಕಾಲು ಗಂಟೆಯ ಆಸುಪಾಸು. ದೂರ ಐದೂವರೆ ಪಟ್ಟು ಹೆಚ್ಚಿದರೂ ಸಮಯ ಸುಮಾರು ಎರಡೂವರೆ ಪಟ್ಟು ಮಾತ್ರ ಹೆಚ್ಚುತ್ತದೆ. ನೆಲದ ಮೇಲಿನ ಓಡಾಟಕ್ಕೆ ತಗಲುವ ವೇಳೆ ಎರಡೂ ಪ್ರಯಾಣಗಳಿಗೆ ಹೆಚ್ಚು ಕಡಿಮೆ ಒಂದೇ ಆಗಿರುವುದು ಇದಕ್ಕೆ ಕಾರಣ. ಅಲ್ಲದೆ ಮಂಗಳೂರಿನಂತಹ ಸಮೀಪದ ಊರಿಗೆ ಹೊರಟ ವಿಮಾನ ಪೂರ್ಣ ವೇಗಕ್ಕೆ ಬಂದ ಸ್ವಲ್ಪ ಹೊತ್ತಿನಲ್ಲೇ ಇಳಿಯಲು ಅಣಿಯಾಗಬೇಕಾಗುತ್ತದೆ.

ಮನೆ ಬಾಗಿಲಿನಿಂದ ಲೆಕ್ಕ

ದಾಬಸ್‌ಪೇಟೆ–ದೊಡ್ಡಬಳ್ಳಾಪುರ ರಸ್ತೆಯಲ್ಲಿರುವ ದೊಡ್ಡಬೆಳವಂಗಲದಿಂದ ಹೊರಡುವವರನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ದೊಡ್ಡಬಳ್ಳಾಪುರ, ದೇವನಹಳ್ಳಿ ಹಾದು ವಿಮಾನ ನಿಲ್ದಾಣ ತಲುಪಲು ಒಂದು ಗಂಟೆಯಾದರೂ ಬೇಕು. ದೇಶೀಯ ವಿಮಾನಕ್ಕೆ ಎರಡು ಗಂಟೆ ಮೊದಲೇ ನಿಲ್ದಾಣದಲ್ಲಿರುವುದು ಕ್ಷೇಮ. ಹಾರಾಟಕ್ಕೆ ಒಂದೂಕಾಲು ಗಂಟೆ, ಬಜ್ಪೆಯಲ್ಲಿ ಸಾಮಾನು ಪಡೆದು ಮಂಗಳೂರು ನಗರ ಸೇರಲು ಇನ್ನೊಂದು ಗಂಟೆ. ಒಟ್ಟು ಐದೂಕಾಲು ಗಂಟೆ. ರಸ್ತೆಯಲ್ಲಿ ಕಾರಿನಲ್ಲಿ ಹೋದರೆ ಏಳು ಗಂಟೆಗೂ ಹೆಚ್ಚು. ಅಂದರೆ ಉಳಿತಾಯ ಸುಮಾರು ಎರಡು ಗಂಟೆ ಮಾತ್ರ. ದೆಹಲಿಗೆ ಇದೇ ಲೆಕ್ಕ ಹಾಕಿದರೆ ಒಟ್ಟು ಸುಮಾರು ಆರೂಮುಕ್ಕಾಲು ಗಂಟೆಯಾಗುತ್ತದೆ; ರಾಜಧಾನಿ ರೈಲಿಗೆ 33 ಗಂಟೆಗೂ ಹೆಚ್ಚು ಬೇಕು.

ಮಳೆಗಾಲದ ಎಚ್ಚರ

ಮುಂಗಾರಿನಲ್ಲಿ ಈ ಲೆಕ್ಕ ಬದಲಾಗುತ್ತದೆ. 2018 ಹಾಗೂ 2024ರಲ್ಲಿ ಭೂಕುಸಿತದಿಂದ ಶಿರಾಡಿ ಘಾಟಿಯಲ್ಲಿ ಸಂಚಾರ ಸ್ಥಗಿತಗೊಂಡಿತ್ತು. ಅಂತಹ ವೇಳೆ ವಿಮಾನವೇ ಆಸರೆ. ಆದರೆ ಬಜ್ಪೆಯ ರನ್‌ವೇ ಗುಡ್ಡದ ಮೇಲಿನ ಸಮತಟ್ಟಿನಲ್ಲಿದೆ. ದಟ್ಟ ಮಳೆ, ಮಂಜಿನಿಂದ ದಾರಿ ಕಾಣದಿದ್ದಾಗ ವಿಮಾನಗಳು ಇಳಿಯಲಾರದೆ ಬೇರೆ ನಿಲ್ದಾಣಗಳಿಗೆ ತೆರಳುವುದುಂಟು. ಆದ್ದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪರೀಕ್ಷೆ, ಸಂದರ್ಶನ, ಶಸ್ತ್ರಚಿಕಿತ್ಸೆಯಂತಹ ತಪ್ಪಿಸಲಾಗದ ಕೆಲಸಕ್ಕೆ ಮಂಗಳೂರಿಗೆ ಹೋಗುವವರು ಅದೇ ದಿನದ ಬೆಳಗಿನ ವಿಮಾನವನ್ನು ನೆಚ್ಚದೆ ಹಿಂದಿನ ದಿನವೇ ತಲುಪುವುದು ಒಳಿತು. ಬಜ್ಪೆಯಿಂದ ಬಂದು ದೇವನಹಳ್ಳಿಯಲ್ಲಿ ವಿದೇಶದ ವಿಮಾನ ಹಿಡಿಯಬೇಕಾದವರಿಗೂ ಈ ಮಾತು ಅನ್ವಯಿಸುತ್ತದೆ. ಎರಡು ಟಿಕೆಟ್‌ಗಳನ್ನು ಪ್ರತ್ಯೇಕವಾಗಿ ಖರೀದಿಸಿದ್ದರೆ, ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದಾಗ ಆ ನಷ್ಟ ಸಾಮಾನ್ಯವಾಗಿ ಪ್ರಯಾಣಿಕರ ಪಾಲಿಗೇ ಬರುತ್ತದೆ.