ಕುತ್ತಿಗೆಯ ಗಂಟನ್ನು ಅಳೆದ ಬಗೆ: ಶ್ರವಣಾತೀತ ಧ್ವನಿಯ ಚರಿತ್ರೆಯಲ್ಲಿ ಒಂದು ಅಧ್ಯಾಯ

ಹಾಸನ ಜಿಲ್ಲೆಯ ಪಶ್ಚಿಮಕ್ಕಿರುವ ಸಕಲೇಶಪುರ, ಆಲೂರು ಸೀಮೆಗಳು ಕಾಫಿ, ಏಲಕ್ಕಿ, ಅಡಿಕೆಗಳ ನಾಡು. ಮನೆಗೆ ಬಂದವರಿಗೆ ಎಲೆಯಡಿಕೆ ನೀಡುವುದು ಇಲ್ಲಿನ ಹಳೆಯ ಮರ್ಯಾದೆ. ಅದರೊಡನೆ ಹೊಗೆಸೊಪ್ಪು ಸೇರಿದರೆ ಬಾಯಿಯ ಕ್ಯಾನ್ಸರಿಗೆ ಕಾರಣವಾಗುವುದೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನ ಸಂಸ್ಥೆಯು 1985ರಲ್ಲಿ ನಿರ್ಣಯಿಸಿತು. ಬರಿಯ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು 2004ರಲ್ಲಿ ಪ್ರಕಟಿಸಿತು. ಬಾಯಿ ಗಂಟಲುಗಳ ಕ್ಯಾನ್ಸರು ಸಾಮಾನ್ಯವಾಗಿ ಮೊದಲು ಹರಡುವುದು ಕುತ್ತಿಗೆಯ ದುಗ್ಧಗ್ರಂಥಿಗಳಿಗೆ. ಚಿಕಿತ್ಸೆಯಾದ ಮೇಲೆ ಆ ಗಂಟು ಕರಗಿತೇ, ಉಳಿಯಿತೇ ಎಂಬುದನ್ನು ವೈದ್ಯರು ತಿಳಿಯಲು ಯತ್ನಿಸಿದ ಬಗೆಯನ್ನು ಇಲ್ಲಿ ಸಂಕ್ಷೇಪವಾಗಿ ಪರಿಶೀಲಿಸಬಹುದು.

ಬಹುಕಾಲ ಇದಕ್ಕಿದ್ದ ಸಾಧನ ವೈದ್ಯನ ಬೆರಳುಗಳೇ. ಅವುಗಳ ನಂಬಿಕೆಯನ್ನು ಮೋರ್ಟೆಲ್ ಮತ್ತು ಹ್ಯಾನ್ಲಿ ಎಂಬವರು 1976ರಲ್ಲಿ ಪರೀಕ್ಷೆಗೊಡ್ಡಿದರು. ಮೆತ್ತನೆಯ ಹೊದಿಕೆಯ ಕೆಳಗೆ 12 ಗೋಲಗಳನ್ನಿಟ್ಟು, ಅನುಭವಿಗಳಾದ 16 ಮಂದಿ ವೈದ್ಯರಿಂದ ಅಳೆಯಿಸಿದರು. ಒಂದೇ ಗಾತ್ರದ ಗೋಲವೂ ಕುಗ್ಗಿದಂತೆ ತೋರಿದ ಸಂದರ್ಭಗಳು ಕಡಮೆಯಾಗಿರಲಿಲ್ಲ. ಆದುದರಿಂದ ಅಲ್ಪಸ್ವಲ್ಪ ಇಳಿತವನ್ನು ಗುಣವೆಂದು ಎಣಿಸಲಾಗದು ಎಂಬುದು ಸ್ಪಷ್ಟವಾಯಿತು. ವಿಶ್ವ ಆರೋಗ್ಯ ಸಂಸ್ಥೆಯ 1979ರ ಕೈಪಿಡಿಯು, ಪರಸ್ಪರ ಲಂಬವಾದ ಎರಡು ವ್ಯಾಸಗಳ ಗುಣಲಬ್ಧವು ಶೇಕಡ 50ರಷ್ಟಾದರೂ ಇಳಿದರೆ ಮಾತ್ರ ಭಾಗಶಃ ಗುಣವೆಂದು ವಿಧಿಸಿತು.

ಇತ್ತ ಧ್ವನಿಯ ಚರಿತ್ರೆ ಬೇರೆ ದಾರಿಯಲ್ಲಿ ಸಾಗಿತ್ತು. ಒತ್ತಿದರೆ ವಿದ್ಯುತ್ತನ್ನು ತೋರುವ ಸ್ಫಟಿಕಗಳ ಗುಣವನ್ನು ಕ್ಯೂರಿ ಸಹೋದರರು 1880ರಲ್ಲಿ ಕಂಡರು. ಮೊದಲನೆಯ ಮಹಾಯುದ್ಧದಲ್ಲಿ ಲ್ಯಾಂಜವಿನ್ ಅದನ್ನೇ ಬಳಸಿ ಜಲಾಂತರ್ಗಾಮಿಗಳ ಶೋಧನೆಗೆ ತೊಡಗಿದನು. 1942ರಲ್ಲಿ ಆಸ್ಟ್ರಿಯದ ಡುಸಿಕ್ ಮೆದುಳನ್ನು ಧ್ವನಿಯಿಂದ ಚಿತ್ರಿಸಲೆಳಸಿದನು. ಆದರೆ ಕಂಡದ್ದರಲ್ಲಿ ಬಹುಪಾಲು ತಲೆಬುರುಡೆಯ ಪ್ರಭಾವವೇ ಎಂದು ಆಮೇಲೆ ತಿಳಿಯಿತು. 1958ರಲ್ಲಿ ಗ್ಲಾಸ್ಗೋ ನಗರದ ಇಯಾನ್ ಡೊನಾಲ್ಡ್ ಮತ್ತು ಸಂಗಡಿಗರ ಲೇಖನವು ಈ ವಿಧಾನಕ್ಕೆ ವೈದ್ಯಶಾಸ್ತ್ರದಲ್ಲಿ ನೆಲೆಯೊದಗಿಸಿತು.

ಎಲುಬು ಮತ್ತು ಗಾಳಿ ಧ್ವನಿಗೆ ಅಡ್ಡಿ. ಕುತ್ತಿಗೆಯ ಗ್ರಂಥಿಗಳಾದರೋ ಚರ್ಮದ ಸಮೀಪದಲ್ಲೇ ಇವೆ. ಆರೋಗ್ಯವಾದ ಗ್ರಂಥಿ ಸಾಮಾನ್ಯವಾಗಿ ಉದ್ದುದ್ದವಾಗಿದ್ದು ನಡುವೆ ಬೆಳ್ಳನೆಯ ಪಟ್ಟಿಯನ್ನು ತೋರುತ್ತದೆ. ರೋಗ ಹೊಕ್ಕ ಗ್ರಂಥಿ ದುಂಡಗಾಗುತ್ತದೆ, ಆ ಪಟ್ಟಿ ಅಳಿಯುತ್ತದೆ, ಒಳಗಿನ ರಕ್ತಸಂಚಾರದ ಕ್ರಮ ಕೆಡುತ್ತದೆ. ಸಂಶಯವಿದ್ದಲ್ಲಿ ಚಿತ್ರವನ್ನು ನೋಡುತ್ತಲೇ ಸೂಜಿಯಿಂದ ಜೀವಕೋಶಗಳನ್ನು ತೆಗೆಯಬಹುದು.

ಹೀಗಿದ್ದರೂ ಔಷಧಿಗಳ ಪರೀಕ್ಷಾಪ್ರಯೋಗಗಳಿಗಾಗಿ 2009ರಲ್ಲಿ ಪರಿಷ್ಕೃತವಾದ ಅಂತರರಾಷ್ಟ್ರೀಯ ಮಾನದಂಡವು, ಗ್ರಂಥಿಯ ಕಿರಿಯ ವ್ಯಾಸ 10 ಮಿಲಿಮೀಟರಿಗಿಂತ ಕಡಮೆಯಾದರೆ ಅದನ್ನು ಸಹಜವೆಂದು ಎಣಿಸಿದರೂ, ಅಳತೆಗೆ ಶ್ರವಣಾತೀತ ಧ್ವನಿಯನ್ನು ಒಪ್ಪಲಿಲ್ಲ. ನೋಡುವವರ ಕೈ ಬದಲಾದರೆ ಅಳತೆಯೂ ಬದಲಾಗುವುದೆಂಬುದು ಮುಖ್ಯ ಆಕ್ಷೇಪ. 1976ರಲ್ಲಿ ಬೆರಳಿನ ಮೇಲೆ ಬಂದ ದೂರೇ ಯಂತ್ರ ಹಿಡಿದ ಕೈಯ ಮೇಲೂ ಬಂದಿತೆನ್ನಬೇಕು. ಗಾತ್ರವೊಂದನ್ನೇ ನೆಚ್ಚುವುದೂ ತಪ್ಪು. ವಿಕಿರಣ ಚಿಕಿತ್ಸೆಯ ತರುವಾಯ ನಿರ್ಜೀವವಾದ ಗಂಟು ಕೆಲವು ವಾರ ಉಳಿಯಬಹುದು. ಸಾಯುತ್ತಿರುವ ಜೀವಕೋಶಗಳು ಧ್ವನಿಯನ್ನು ಚದುರಿಸುವ ರೀತಿಯೇ ಬೇರೆಯೆಂದು ಕೆನಡದ ಚಾರ್ನೋಟ ಮತ್ತು ಸಹೋದ್ಯೋಗಿಗಳು 1999ರಲ್ಲಿ ತೋರಿದುದು ಈ ದೃಷ್ಟಿಯಿಂದ ಗಮನಾರ್ಹ. 564 ರೋಗಿಗಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಬ್ರಿಟನ್ನಿನ ಅಧ್ಯಯನವು, ಪೆಟ್-ಸಿಟಿ ಚಿತ್ರಣದಿಂದ ಕಾದು ನೋಡಿದರೆ ಅನೇಕರಿಗೆ ಕುತ್ತಿಗೆಯ ಶಸ್ತ್ರಕ್ರಿಯೆಯನ್ನು ತಪ್ಪಿಸಬಹುದೆಂದೂ, ಅದರಿಂದ ಆಯುಸ್ಸಿಗೆ ಕುಂದಿಲ್ಲವೆಂದೂ ತಿಳಿಸಿತು.

ಮಲೆನಾಡಿನವರಿಗೆ ಇದರಿಂದೇನು? 1973ರಲ್ಲಿ ಸ್ಥಾಪಿತವಾದ ಕಿದ್ವಾಯಿ ಸಂಸ್ಥೆಯಿರುವ ಬೆಂಗಳೂರು ಸಕಲೇಶಪುರದಿಂದ ಸುಮಾರು 220 ಕಿಲೋಮೀಟರ್. ಹಾಸನದಲ್ಲಿ ವೈದ್ಯಕೀಯ ಕಾಲೇಜು ಬಂದುದು 2006ರಲ್ಲಿ. ಮಳೆಗಾಲದಲ್ಲಿ ಕೂಲಿ ಬಿಟ್ಟು, ಜೊತೆಗೊಬ್ಬರನ್ನು ಕರೆದುಕೊಂಡು ಮತ್ತೆ ಮತ್ತೆ ದೂರ ಪಯಣಿಸುವುದು ತೋಟದ ಕಾರ್ಮಿಕನಿಗೆ ಸುಲಭವಲ್ಲ. ಯಂತ್ರವನ್ನೇ ಬೆಟ್ಟಕ್ಕೆ ಒಯ್ಯೋಣವೆಂದರೆ, ಭ್ರೂಣಲಿಂಗ ಪತ್ತೆಯನ್ನು ತಡೆಯಲು 1994ರಲ್ಲಿ ರಚಿತವಾದ ಕಾಯಿದೆಯ ನೋಂದಣಿ ನಿಯಮಗಳು ಅದರ ಸಂಚಾರವನ್ನು ಬಿಗಿಗೊಳಿಸಿವೆ. ಹೆಣ್ಣುಮಕ್ಕಳ ರಕ್ಷಣೆಗೆ ಆ ಬಿಗಿ ಅವಶ್ಯ. ಅದನ್ನು ಸಡಿಲಿಸೆನ್ನುವುದು ವಿವೇಕವಲ್ಲ. ನೋಂದಾಯಿತವಾದ ಹತ್ತಿರದ ಆಸ್ಪತ್ರೆಯಲ್ಲೇ, ಸಾಧ್ಯವಾದಷ್ಟು ಒಬ್ಬರೇ ಪರೀಕ್ಷಕರು, ಗ್ರಂಥಿಯ ಸ್ಥಾನ, ವ್ಯಾಸ, ಆಕಾರಗಳನ್ನು ಪ್ರತಿಸಲವೂ ಒಂದೇ ಕ್ರಮದಲ್ಲಿ ಬರೆದಿಡುವುದು ಮೇಲು.

ಪ್ರಯೋಗಗಳ ಮಾನದಂಡ ಕೈಬಿಟ್ಟ ಸಾಧನವು ರೋಗಿಯ ಆರೈಕೆಗೂ ನಿರುಪಯೋಗಿ ಎಂದು ಭಾವಿಸಬೇಕಾಗಿಲ್ಲ. ಪೆಟ್-ಸಿಟಿಗೆ ಅದು ಬದಲಿಯಲ್ಲ. ಆದರೆ ಯಾರು ತಡಮಾಡದೆ ಬೆಂಗಳೂರಿಗೆ ಹೋಗಬೇಕೆಂಬುದನ್ನು ಅದು ಸಕಾಲದಲ್ಲಿ ಸೂಚಿಸಬಲ್ಲದು. ಗಂಟು ಮರುಕಳಿಸಿದಾಗ ಆ ಕೆಲವು ವಾರಗಳೇ ಜೀವದ ಬೆಲೆಯಾಗಬಹುದು.