ಬೇಲಿಯೇ ಹೊಲ ಮೇಯ್ದಾಗ: ಒಣಗಿದ ಕಣ್ಣಿನ ಚರಿತ್ರೆ



“ಕಣ್ಣಿಗೆ ಮರಳು ಬಿದ್ದಂತಿದೆ ಡಾಕ್ಟರೇ, ಅಳು ಬಂದರೂ ಕಣ್ಣೀರು ಬರುವುದಿಲ್ಲ.” ಮಧ್ಯವಯಸ್ಸಿನ ತಾಯಂದಿರು ಹೀಗೆಂದಾಗ ಸಿಂಗಪುರದ ನಾವು ಏರ್‌ಕಂಡೀಷನರನ್ನೋ ವಯಸ್ಸನ್ನೋ ದೂರಿ ಸುಮ್ಮನಾಗುತ್ತೇವೆ. ಅನೇಕ ಸಲ ಅದು ನಿಜವೂ ಹೌದು. ಆದರೆ ಕೆಲವರಲ್ಲಿ ಇದರ ಹಿಂದೆ ದೇಹವು ತನ್ನ ಮೇಲೆ ತಾನೇ ಹೂಡಿದ ಯುದ್ಧ ಅಡಗಿರುತ್ತದೆ. ಅದನ್ನು ವೈದ್ಯಲೋಕ ಗುರುತಿಸಿದ ಬಗೆಯೇ ಇಂದಿನ ವಿಷಯ.

1930ರ ಸುಮಾರಿಗೆ ಸ್ವೀಡನ್ನಿನ ನೇತ್ರವೈದ್ಯ ಹೆನ್ರಿಕ್ ಶೋಗ್ರೆನ್ ಅವರ ಬಳಿಗೆ ಬಂದ ಮಹಿಳೆಯೊಬ್ಬರಿಗೆ ಕಣ್ಣೂ ಬಾಯಿಯೂ ಒಣಗಿದ್ದವು, ಕೀಲುಗಳು ನೋಯುತ್ತಿದ್ದವು. ಬೇರೆ ಬೇರೆ ವೈದ್ಯರಿಗೆ ಹಂಚಿಹೋಗುವ ಈ ಮೂರು ದೂರುಗಳನ್ನು ಅವರು ಒಂದೇ ದಾರದಲ್ಲಿ ಪೋಣಿಸಿದರು. 1933ರ ಅವರ ಪ್ರೌಢಪ್ರಬಂಧದಲ್ಲಿ ಇಂತಹ 19 ಮಹಿಳೆಯರ ವೃತ್ತಾಂತವಿದೆ. ಅವರಲ್ಲಿ 13 ಮಂದಿಗೆ ಸಂಧಿವಾತವಿತ್ತು. ಕಣ್ಣೀರಿನ ಗ್ರಂಥಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಲಿಂಫೋಸೈಟ್ ಎಂಬ ಬಿಳಿ ರಕ್ತಕಣಗಳು ಅಲ್ಲಿ ಮುತ್ತಿಗೆ ಹಾಕಿದ್ದವು. ವಿಪರ್ಯಾಸವೆಂದರೆ, ಪ್ರಬಂಧಕ್ಕೆ ದೊರೆತ ಶ್ರೇಣಿ ಅವರಿಗೆ ಅಧ್ಯಾಪಕ ಪದವಿ ತಂದುಕೊಡುವಷ್ಟು ಇರಲಿಲ್ಲ. 1943ರಲ್ಲಿ ಆಸ್ಟ್ರೇಲಿಯಾದ ಬ್ರೂಸ್ ಹ್ಯಾಮಿಲ್ಟನ್ ಅದನ್ನು ಇಂಗ್ಲಿಷಿಗೆ ತಂದ ಮೇಲೆಯೇ ಹೊರಜಗತ್ತು ಅದರತ್ತ ಕಣ್ಣು ಹಾಯಿಸಿತು.

ಆ ಕಣಗಳು ಅಲ್ಲೇಕೆ ಸೇರಿದ್ದವು? ದೇಹವು ತನ್ನನ್ನೇ ಗಾಯಗೊಳಿಸಲಾರದೆಂಬ ನಂಬಿಕೆ ಬಹುಕಾಲ ಬೇರೂರಿತ್ತು. 1956ರಲ್ಲಿ ರೋಸ್ ಮತ್ತು ವಿಟೆಬ್‌ಸ್ಕಿ ಮೊಲಗಳ ಥೈರಾಯ್ಡ್ ಗ್ರಂಥಿಯ ಮೇಲಿನ ಪ್ರಯೋಗದಿಂದ ಅದನ್ನು ಅಲುಗಾಡಿಸಿದರು. 1961ರಲ್ಲಿ ಜಾಕ್ ಮಿಲ್ಲರ್ ಥೈಮಸ್ ಗ್ರಂಥಿಯ ಕಾರ್ಯವನ್ನು ತೋರಿಸಿ, ಮುಂದೆ ‘ಟಿ’ ಕಣಗಳೆಂದು ಹೆಸರಾದ ಲಿಂಫೋಸೈಟುಗಳ ಅರಿವಿಗೆ ದಾರಿ ತೆರೆದರು. ಕಣ್ಣನ್ನು ಕಾಯಬೇಕಾದ ಈ ‘ಟಿ’ ಕಣಗಳೇ ಕಣ್ಣೀರಿನ ಗ್ರಂಥಿಗೂ ಕಣ್ಣಿನ ಹೊರಪೊರೆಗೂ ನುಗ್ಗಿ, ತಾವು ಸ್ರವಿಸುವ ರಾಸಾಯನಿಕಗಳಿಂದ ಲೋಳೆ ಒಸರುವ ಜೀವಕೋಶಗಳನ್ನು ಕುಗ್ಗಿಸುತ್ತವೆ. ‘ಬಿ’ ಕಣಗಳು ಸ್ವಂತ ಅಂಗಾಂಶಗಳ ವಿರುದ್ಧವೇ ಪ್ರತಿಕಾಯಗಳನ್ನು ತಯಾರಿಸುತ್ತವೆ. ಒಣಗಿದ ಕಣ್ಣು ಮತ್ತಷ್ಟು ಕಣಗಳನ್ನು ಕರೆಯುತ್ತದೆ. ಬೇಲಿಯೇ ಹೊಲ ಮೇಯ್ದಂತೆ!

2006ರಲ್ಲಿ ಪ್ರಕಟವಾದ ಪ್ರಯೋಗವೊಂದು ಮನನೀಯ. ಒಣಗಾಳಿಯಲ್ಲಿಟ್ಟ ಇಲಿಗಳ ‘ಟಿ’ ಕಣಗಳನ್ನು, ಅಂಥ ಕಣಗಳಿಲ್ಲದ ಬೇರೆ ಇಲಿಗಳಿಗೆ ಸೇರಿಸಿದಾಗ, ಒಣಗಾಳಿಯನ್ನೇ ಕಾಣದ ಆ ಇಲಿಗಳ ಕಣ್ಣೂ ಉರಿಯೂತಕ್ಕೀಡಾಯಿತು. ಕಿಡಿ ಹೊತ್ತಿಸುವುದು ಗಾಳಿಯಾದರೂ ಬೆಂಕಿಯನ್ನು ಹೊತ್ತೊಯ್ಯುವುದು ಕಣ. ಆದ್ದರಿಂದಲೇ, ಮೂತ್ರಪಿಂಡದ ಕಸಿಯಲ್ಲಿ ಬಳಸುವ ಸೈಕ್ಲೋಸ್ಪೋರಿನ್ ಔಷಧಿ ಕಣ್ಣಿನ ಹನಿಯಾಗಿ 2002ರಲ್ಲಿ ಅಮೆರಿಕದಲ್ಲಿ ಮಾನ್ಯತೆ ಪಡೆಯಿತು.

ನಮ್ಮ ನಾಡೂ ಈ ಶೋಧನೆಯಲ್ಲಿ ಹಿಂದೆ ಬಿದ್ದಿಲ್ಲ. ಡಾ. ಭುಜಂಗ ಶೆಟ್ಟಿಯವರು 1982ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ನಾರಾಯಣ ನೇತ್ರಾಲಯದ ಸಂಶೋಧಕರು ಕಣ್ಣಿನ ಮೇಲ್ಮೈಯನ್ನು ತೊಳೆದ ದ್ರವದಲ್ಲಿ ರಕ್ಷಣಾಕಣಗಳನ್ನು ಎಣಿಸಿ, ರೋಗಿಗಳಲ್ಲಿ ಅವುಗಳ ಪ್ರಮಾಣ ವ್ಯತ್ಯಾಸವಾಗುವುದನ್ನು ತೋರಿಸಿದ್ದಾರೆ. ಇಲ್ಲಿ 1997ರಲ್ಲಿ ಆರಂಭವಾದ ಸಿಂಗಪುರ ನೇತ್ರ ಸಂಶೋಧನಾ ಸಂಸ್ಥೆಯೂ ಒಣಕಣ್ಣಿನ ಅಧ್ಯಯನದಲ್ಲಿ ತೊಡಗಿದೆ.

ಶೋಗ್ರೆನ್ ರೋಗಿಗಳಲ್ಲಿ ಹತ್ತರಲ್ಲಿ ಒಂಬತ್ತು ಮಂದಿ ಮಹಿಳೆಯರು. ಮನೆಮಂದಿಯ ಕಾಯಿಲೆಗಳನ್ನೆಲ್ಲ ವಿಚಾರಿಸುವ ಅವರು ತಮ್ಮದನ್ನು ಮಾತ್ರ ನುಂಗಿಕೊಳ್ಳುತ್ತಾರೆ. ಸೋದರಿಯರೇ, ಕಣ್ಣಿನ ಉರಿಯನ್ನು ಕಣ್ಣಿನ ವೈದ್ಯರಿಗೆ, ಬಾಯಿಯ ಒಣಗನ್ನು ದಂತವೈದ್ಯರಿಗೆ ಎಂದು ಹಂಚಬೇಡಿ. ಕಣ್ಣು, ಬಾಯಿ, ಕೀಲು ಮೂರರ ಕಷ್ಟವನ್ನೂ ಒಬ್ಬರೆದುರು ಒಟ್ಟಿಗೆ ಹೇಳಿ. ಶೋಗ್ರೆನ್ನರ ಹಿರಿಮೆಯೂ ಅಷ್ಟೇ: ಅವರು ಪೂರ್ತಿ ಕೇಳಿಸಿಕೊಂಡರು.